ನಾಲ್ಕನೇ ಮೂಲೆ

ನಾನು ಒಂದು ಹೆಸರು ಹೇಳಬೇಕಾಗಿತ್ತು, ಹೇಳಲಿಲ್ಲ. 1999ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ನಮ್ಮ ಕಡೆಯ ಅಜ್ಜಿಯೊಬ್ಬರು ಒಂದು ಡಿಸೈನ್ ಎತ್ತಿ ಹಿಡಿದು ಇದು ಯಾರ ಕೈ ಎಂದು ಕೇಳಿದಾಗ, ನನ್ನದೇ ಎಂದೆ. ಅದು ನನ್ನ ಅಕ್ಕ ಗಿರಿಜಾಳ ಕೈಯಾಗಿತ್ತು. ಆ ಒಂದು ಮಾತನ್ನು ತಿದ್ದಲು ನನಗೆ ಆರು ವರ್ಷ ಹಿಡಿಯಿತು.

ನಾನು ಹೆಚ್ಚು ಓದಿದವನಲ್ಲ. ಧಾರವಾಡದಲ್ಲಿ ಎಂಟನೇ ಇಯತ್ತೆ ಮುಗಿಸಿ ಅಪ್ಪ, ಅವ್ವ, ಅಕ್ಕನ ಜೊತೆ ಹ್ಯಾರೋಗೆ ಬಂದೆ. ಇಲ್ಲಿಯ ಶಾಲೆ ನನಗೆ ಹತ್ತಲಿಲ್ಲ. ಹದಿನಾರಕ್ಕೇ ಬಿಟ್ಟು ಪ್ರೆಸ್ಸಿನಲ್ಲಿ ಮಷೀನು ಒರೆಸುವ ಕೆಲಸಕ್ಕೆ ಸೇರಿದೆ. ಊಟದ ಹೊತ್ತಿನಲ್ಲಿ ರದ್ದಿ ಕಾಗದದ ಮೇಲೆ ನಾನು ಗೀಚುತ್ತಿದ್ದ ಚಿತ್ರಗಳನ್ನು ಮಾಲೀಕ ಟೆರಿ ನೋಡಿದ್ದ. ಕಂಪ್ಯೂಟರಿಗೆ ಕೂರುತ್ತಿದ್ದವನು ಕೆಲಸ ಬಿಟ್ಟು ಹೋದಾಗ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ. ಈರಣ್ಣ ಎಂಬ ಹೆಸರು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಆ ಪ್ರೆಸ್ಸಿನಲ್ಲಿ ನಾನು ಎರಿಕ್ ಆದೆ. ಉಪ್ಪಿನಕಾಯಿ, ಹಪ್ಪಳ, ಮಸಾಲೆಗಳ ಡಬ್ಬಿಗೆ ಚಿತ್ರ ಮಾಡುವುದು ಎರಿಕ್‌ನ ಕೆಲಸ. ಎರಿಕ್ ತನ್ನಷ್ಟಕ್ಕೆ ತಾನೇ ಕಲಿತ ಜಾಣ ಎಂದು ಟೆರಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಕೇಳಲು ನನಗೂ ಹಿತವಾಗಿತ್ತು.

ಆ ವರ್ಷದ ಮಾರ್ಚಿನಲ್ಲಿ ಬೆಳಗಾವಿ ಕಡೆಯ ಒಂದು ಮನೆತನದವರು ಬಂದರು. ಪ್ರೆಸ್ಸಿನ ಹಿಂದಿನ ರಸ್ತೆಯಲ್ಲೇ ಅವರ ಚಟ್ನಿಪುಡಿಯ ಕಾರ್ಖಾನೆ. ಶೇಂಗಾ ಚಟ್ನಿಗೆ ಹೊಸ ರಟ್ಟಿನ ಡಬ್ಬಿ ಆಗಬೇಕಿತ್ತು. ವ್ಯವಹಾರ ಮಗನದು, ತೀರ್ಮಾನ ತಾಯಿ ಶಾಂತವ್ವನದು. ಎಪ್ಪತ್ತು ದಾಟಿದ್ದ ಆಕೆ ಇಳಕಲ್ ಸೀರೆಯ ಮೇಲೆ ದಪ್ಪ ಓವರ್‌ಕೋಟ್ ತೊಟ್ಟು ಬರುತ್ತಿದ್ದರು.

ನಾನು ಮೊದಲು ನವಿಲು ಮಾಡಿ ತೋರಿಸಿದೆ. "ಚಂದ ಐತಿ. ಆದ್ರ ನವಿಲ ಚಟ್ನಿ ತಿನ್ನತೈತೇನು?" ಎಂದರು. ಎರಡನೆಯದು ಅಂಬಾರಿಯ ಆನೆ. "ಇದೇನ ಶೇಂಗಾ ಚಟ್ನಿನೋ, ಸರ್ಕಸ್ಸೋ?" ಮೂರನೆಯ ಬಾರಿ, ಲಂಡನ್ನಿನ ಸರಕು ಅಂತ ಗೊತ್ತಾಗಲಿ ಎಂದು ಗಡಿಯಾರದ ಗೋಪುರದ ತುದಿಯಲ್ಲಿ ಒಂದು ಶೇಂಗಾ ಕೂರಿಸಿದೆ. ಶಾಂತವ್ವ ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು: "ತಮ್ಮಾ, ಅದು ಅಲ್ಲಿಗೆ ಹೆಂಗ ಏರಿತು?"

ಅವರ ಮಗ ನಕ್ಕ. ಟೆರಿ ನಗಲಿಲ್ಲ. "ಸೋಮವಾರ ಹತ್ತು ಗಂಟೆಗೆ ಕೊನೆಯ ಅವಕಾಶ. ಇಲ್ಲವಾದರೆ ಕೆಲಸ ಹೊರಗೆ ಕೊಡುತ್ತೇನೆ, ನೀನು ಮಷೀನಿಗೆ ವಾಪಸ್ಸು," ಎಂದ.

ಅಂದಿನಿಂದ ನನ್ನ ತಲೆ ಬಂದ್ ಆಯಿತು. ಪರದೆ ಬೆಳ್ಳಗೆ ಕೂತಿತ್ತು, ನಾನೂ ಅದರೆದುರು ಹಾಗೇ ಕೂತಿದ್ದೆ. ಪೆನ್ಸಿಲ್‌ಗಳನ್ನೆಲ್ಲ ಚೂಪು ಮಾಡಿದೆ. ಕೀಬೋರ್ಡಿನ ಸಂದುಗಳನ್ನು ಹತ್ತಿಯಿಂದ ಒರೆಸಿದೆ. ಶುಕ್ರವಾರ ಸಂಜೆಯ ಹೊತ್ತಿಗೆ ಕೀಬೋರ್ಡ್ ಹೊಸದರ ಹಾಗೆ ಹೊಳೆಯುತ್ತಿತ್ತು, ಪರದೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಆಗ ಮದುವೆಯಾಗಿ ಕ್ರೋಯ್ಡನ್‌ನಲ್ಲಿದ್ದಳು. ಅಲ್ಲಿಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ದಿನವಿಡೀ ಫಾರ್ಮ್ ಟೈಪ್ ಮಾಡುವ ಕೆಲಸ. ಶನಿವಾರ ಪ್ರೆಸ್ಸಿಗೆ ರಜೆ, ಕೀಲಿಕೈ ನನ್ನ ಹತ್ತಿರ ಇತ್ತು. ವಿಕ್ಟೋರಿಯಾಕ್ಕೆ ರೈಲು, ಅಲ್ಲಿಂದ ಟ್ಯೂಬ್ ಹಿಡಿದು ಮಧ್ಯಾಹ್ನ ಹನ್ನೆರಡಕ್ಕೆ ಬಂದಳು. ಚೀಲದಲ್ಲಿ ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಹಳೆಯ ಕುಪ್ಪಸದ ಖಣ. ನಾನು ಕೆಲಸ ಮಾಡುವುದನ್ನು ಐದು ನಿಮಿಷ ನೋಡಿ ಹಣೆ ಚಚ್ಚಿಕೊಂಡಳು.

"ಇದೇನೋ ಈರಣ್ಣಾ, ಪ್ರತಿಯೊಂದಕ್ಕೂ ಮೌಸ್ ಹಿಡಕೊಂಡು ಊರೆಲ್ಲಾ ತಿರಗಾಡ್ತಿ? ನಮ್ಮ ಆಫೀಸಿನ್ಯಾಗ ಹಿಂಗ ಮಾಡಿದ್ರ ಸಂಜೀತನಕ ಒಂದು ಫಾರ್ಮ್ ಮುಗಿಯೂದಿಲ್ಲ."

ಮೆನು ಹುಡುಕುತ್ತ ಮೌಸ್ ಓಡಿಸುವ ಬದಲು ಎರಡು ಮೂರು ಕೀ ಒಟ್ಟಿಗೆ ಒತ್ತಿ ಕೆಲಸ ಮುಗಿಸುವುದಕ್ಕೆ ಶಾರ್ಟ್‌ಕಟ್ ಎನ್ನುತ್ತಾರೆ. ನನಗೆ ಉಳಿಸುವುದು, ಅಳಿಸುವುದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ನಾನು ಪರದೆ ಎತ್ತರಿಸಲು ಅದರ ಕೆಳಗೆ ಇಟ್ಟಿದ್ದೆ. ಅಕ್ಕ ಅದನ್ನು ಎಳೆದು ತೆಗೆದು, ಧೂಳು ಊದಿ, ಶಾರ್ಟ್‌ಕಟ್ ಪಟ್ಟಿಯ ಪುಟಕ್ಕೆ ಹೋದಳು. ಬಳಿಕ ಖಣವನ್ನು ಮೇಜಿನ ಮೇಲೆ ಹಾಸಿದಳು. ನಮ್ಮ ಅಜ್ಜಿ ಹಾಕಿದ ಗುಡಿಗೋಪುರದ ಕಸೂತಿ ಇತ್ತು ಅದರಲ್ಲಿ.

ಕಸೂತಿಯಲ್ಲಿ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗವಂತಿ ಎಂಬ ಹೊಲಿಗೆಯಲ್ಲಿ ದಾರ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿಯುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಒಂದೇ ತರಹ ಕಾಣಬೇಕು.

"ನೀ ಗೋಪುರದ್ದು ಚಿಂತಿ ಮಾಡಬ್ಯಾಡ," ಎಂದಳು ಅಕ್ಕ. "ಅಜ್ಜಿ ಏನ ಮಾಡ್ತಿದ್ಲು? ಮೊದಲ ಒಂದು ಹೊಲಿಗಿ. ಆಮ್ಯಾಲ ಇನ್ನೊಂದು. ಗೋಪುರ ತಾನ ಬರತೈತಿ."

ಮೌಸ್ ಹಿಡಿದು ಒಂದು ಸಣ್ಣ ಓರೆ ಗೆರೆ ಎಳೆದಳು. ಅದರದೇ ಒಂದು ನಕಲು ಮಾಡಿ ಪಕ್ಕಕ್ಕೆ ಸರಿಸಿದಳು. ಆಮೇಲೆ ಮೌಸನ್ನು ಕಿತ್ತು ತನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿ ಜಿಪ್ ಎಳೆದಳು! ಕಮಾಂಡ್ ಕೀ ಜೊತೆ ಡಿ ಒತ್ತಿದರೆ, ಕೊನೆಗೆ ಮಾಡಿದ ಚಲನೆಯನ್ನು ಕಂಪ್ಯೂಟರ್ ಮತ್ತೆ ಮಾಡುತ್ತದೆ. ಅಕ್ಕ ಡಿ ಒತ್ತುತ್ತ ಹೋದಳು, ಗೆರೆಗಳು ಸಾಲು ಹಿಡಿದು ನಡೆದವು. ತಪ್ಪಿದಲ್ಲಿ ಕಮಾಂಡ್ ಜೊತೆ ಝಡ್, ಹಾಕಿದ್ದು ಬಿಚ್ಚಿಕೊಳ್ಳುತ್ತಿತ್ತು. "ಬಿಚ್ಚೂದಕ್ಕ ಯಾಕ ನಾಚ್ತಿ? ಅಜ್ಜಿ ಎಷ್ಟ ಬಿಚ್ಚಿಲ್ಲ?" ಎಂದಳು. ಆ ಮಾತಿಗೆ ನನ್ನ ತಲೆಯ ಅಗಳಿ ಸರಿಯಿತು. ಬಣ್ಣ ನಾನು ಹೇಳಿದೆ: ಇಳಕಲ್ ಸೀರೆಯ ಕೆಂಪು, ನಡುವೆ ಶೇಂಗಾ ಹೂವಿನ ಹಳದಿ. ಮೂರು ಗಂಟೆಗೆ ಅಂಚಿನ ಮೂರು ಮೂಲೆಗಳಲ್ಲಿ ಮೂರು ಗೋಪುರ ನಿಂತಿದ್ದವು.

ನಾಲ್ಕನೇ ಮೂಲೆಯಲ್ಲಿ ಬಾರ್‌ಕೋಡ್ ಬರಬೇಕಿತ್ತು, ಹಾಗಾಗಿ ಅಲ್ಲಿಯ ಗೋಪುರವನ್ನು ಕಿರಿದಾಗಿ ಬೇರೆ ಹೆಣೆಯಬೇಕು. ಅಕ್ಕನಿಗೆ ರೈಲಿನ ಹೊತ್ತಾಯಿತು. ಮೌಸ್ ಹಿಂದಿರುಗಿಸುತ್ತ ಕೇಳಿದಳು: "ನಿಮ್ಮಲ್ಲಿ ಕಂಪ್ಯೂಟರಿನ ಎರಡನೇ ಕುರ್ಚಿಗೆ ಮಂದಿ ಹುಡಕಾಕತ್ತಾರ ಅಂದಿದ್ದ್ಯಲ್ಲಾ? ಈ ಕೆಲಸ ಪಾಸಾದ್ರ ನನ್ನ ಹೆಸರ ಹೇಳೋ. ಆ ಫಾರ್ಮ್ ಬಡದು ಬಡದು ಸಾಕಾಗೇತಿ."

"ಹೇಳ್ತೀನಿ ಬಿಡಕ್ಕಾ," ಎಂದೆ. ನಾಲ್ಕನೇ ಮೂಲೆ ನಾನೇ ಮುಗಿಸಿದೆ.

ಸೋಮವಾರ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಮಾದರಿ ಹಾಳೆ, ಶಾಂತವ್ವನ ಕೈಗೆ ಹೋಯಿತು. ಆಕೆ ಹಾಳೆಯನ್ನು ತಿರುವಿ ಹಿಂದೆ ನೋಡಿದರು. ಬರೀ ಬಿಳಿ ಕಾಗದ. ನನಗೆ ನಗು ಬಂತು. ಕಸೂತಿ ಕಂಡರೆ ಹಿಂಬದಿ ನೋಡದೆ ಇರುವ ಹೆಂಗಸು ನಮ್ಮ ಕಡೆ ಇಲ್ಲ. ಮತ್ತೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸತೊಡಗಿದರು.

"ಭಾಳ ಚಂದ ಐತಿ. ಈ ಮೂರು ಮೂಲಿ ಎಣಿಸಿ ಹಾಕಿದ ಕೈ. ಹೆಣ್ಣುಮಗಳ ಕೈ. ನಾಕನೇದ್ರಾಗ ಒಂದು ಹೊಲಿಗಿ ತಪ್ಪೇತಿ, ಅದು ಬ್ಯಾರೇ ಕೈ. ಯಾರಪಾ ಆಕಿ?"

ಕೋಣೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಆಕೆಯ ಮಗ ಅದನ್ನು ಟೆರಿಗೆ ಇಂಗ್ಲಿಷಿನಲ್ಲಿ ತಿಳಿಸಿದ. ಟೆರಿ ನನ್ನ ಭುಜ ತಟ್ಟಿ, "ಎಲ್ಲ ಎರಿಕ್‌ನದೇ, ಇಲ್ಲಿ ಬೇರೆ ಯಾರೂ ಇಲ್ಲ. ಅಲ್ಲವೇ?" ಎಂದ.

"ನಂದರೀ," ಎಂದೆ. "ನಾಕನೇ ಮೂಲಿಗೆ ಬರೂದ್ರಾಗ ದಣಿದಿದ್ದೆ."

ಶಾಂತವ್ವ "ಹಾಂ, ಹಾಂ" ಎಂದರು. ನಂಬಲಿಲ್ಲವೆಂದು ನನಗೆ ಆಗಲೇ ತಿಳಿಯಿತು. ಆದರೂ ಕೆಲಸ ಪಾಸಾಯಿತು. ಯಂತ್ರಕ್ಕೆ ಹೋಗುವ ಅವಸರದಲ್ಲಿ ಆ ಹೊಲಿಗೆಯನ್ನು ಯಾರೂ ತಿದ್ದಲಿಲ್ಲ. ಸಂಜೆ ಟೆರಿ ನನ್ನನ್ನು ಕರೆದು, "ಎರಡನೇ ಕುರ್ಚಿಗೆ ನಿನ್ನಂಥವರು ಯಾರಾದರೂ ಗೊತ್ತೇ?" ಎಂದು ಕೇಳಿದ. ಅಕ್ಕ ಬಂದು ಕೂತರೆ ಎರಡು ದಿನಕ್ಕೆ ಎಲ್ಲರಿಗೂ ನಮ್ಮಿಬ್ಬರ ಅಳತೆ ಗೊತ್ತಾಗುತ್ತದೆ ಎಂದುಕೊಂಡು, ಯಾರೂ ಇಲ್ಲ ಎಂದೆ. ಆ ಕುರ್ಚಿಗೆ ಬೇರೊಬ್ಬ ಬಂದ. ಅಕ್ಕನಿಗೆ ಫೋನಿನಲ್ಲಿ, ಅದು ಮೊದಲೇ ತುಂಬಿತ್ತಂತೆ ಎಂದೆ. "ಇರಲಿ ಬಿಡು," ಎಂದಳು.

ಮುಂದಿನ ಆರು ವರ್ಷ ನಾನು ಅಕ್ಕನ ಶಾರ್ಟ್‌ಕಟ್‌ಗಳಿಂದಲೇ ಹೆಸರು ಮಾಡಿದೆ. ತಲೆ ನಿಂತಾಗೆಲ್ಲ ಒಂದು ಗೆರೆ ಎಳೆದು ಡಿ ಒತ್ತುತ್ತಿದ್ದೆ, ಏನಾದರೂ ಹುಟ್ಟುತ್ತಿತ್ತು. ಹೊಸದಾಗಿ ಸೇರಿದವರಿಗೂ ಹಾಗೇ ಕಲಿಸಿದೆ, ಮೌಸನ್ನು ಡ್ರಾಯರಿಗೆ ಹಾಕಿ. ಆದರೆ ಶಾಂತವ್ವ ಬಿಡುವ ಆಸಾಮಿಯಲ್ಲ. ಅಂಗಡಿಯಲ್ಲಿ ಸಿಕ್ಕರೂ ಮದುವೆಯಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: "ಏನಪಾ ನಾಕನೇ ಮೂಲಿ, ಅರಾಮ ಅದೀಯಾ? ಆ ಮೂರು ಮೂಲಿಯಾಕಿ ಹೆಂಗದಾಳ?" ಸುತ್ತ ನಿಂತವರು ಯಾಕೆಂದು ತಿಳಿಯದೆ ನಗುತ್ತಿದ್ದರು. ನಾನೂ ನಗುತ್ತಿದ್ದೆ.

2005ರಲ್ಲಿ ಅವರು ಅಗಸೆಬೀಜದ ಚಟ್ನಿಯ ಡಬ್ಬಿಗೆ ಮತ್ತೆ ಬಂದರು. ಶಾಂತವ್ವ ಕೋಲೂರಿಕೊಂಡು ಬಂದು ಕೂತು ಹೇಳಿದರು: "ಮೂರು ಮೂಲಿಯಾಕಿ ಮಾಡಿದ್ರ ಮಾಡ್ಲಿ. ಇಲ್ಲಾಂದ್ರ ನಮಗ ಡಬ್ಬಿನ ಬ್ಯಾಡ."

ಅವರೆದುರಿಗೇ ಟೆರಿಗೆ ನಿಜ ಹೇಳಿದೆ. ಅವನು ಕಣ್ಣು ಅಗಲಿಸಿ, "ಆರು ವರ್ಷ ಅವರನ್ನು ಎಲ್ಲಿ ಬಚ್ಚಿಟ್ಟಿದ್ದೆ ಎರಿಕ್? ಸೋಮವಾರ ಕರೆದುಕೊಂಡು ಬಾ," ಎಂದ. ಶಾಂತವ್ವ ಮಗನಿಂದ ಅರ್ಥ ಕೇಳಿಕೊಂಡು, ಚೀಲದಿಂದ ಒಂದು ಚಟ್ನಿ ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ಆಕಿಗೆ ಕೊಡು. ಬರೇ ಡಬ್ಬಿ ಕೊಟ್ಟು ಬರಬ್ಯಾಡ ಮತ್ತ. ಬಾಯಿಬಿಟ್ಟು ಹೇಳು."

ಗವಂತಿಯ ದಾರ ಹೋದ ದಾರಿಯಲ್ಲೇ ತಿರುಗಿ ಬಂದರಷ್ಟೇ ಗೆರೆ ತುಂಬುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸ ಎಷ್ಟು ಚಂದ ಕಂಡರೂ ಎಣಿಸುವವರ ಬೆರಳಿಗೆ ಸಿಕ್ಕೇ ಸಿಗುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಭಾನುವಾರ ಕ್ರೋಯ್ಡನ್‌ನಲ್ಲಿ ಟ್ರ್ಯಾಮ್ ಇಳಿದು ಅಕ್ಕನ ಫ್ಲ್ಯಾಟಿಗೆ ಹೋದೆ. ಅವಳು ಚಹಾಕ್ಕೆ ಇಟ್ಟಳು. ಒಲೆಯ ಮೇಲಿನ ಹಲಗೆಯಲ್ಲಿ ಶೇಂಗಾ ಚಟ್ನಿಯ ಹಳೆಯ ಡಬ್ಬಿಯೊಂದು ಕೂತಿತ್ತು, ಈಗ ಅದರಲ್ಲಿ ಲವಂಗ. ಕೈಗೆ ತೆಗೆದುಕೊಂಡು ನೋಡಿದೆ. ನಾಲ್ಕನೇ ಮೂಲೆಯಲ್ಲಿ ನಾನು ಬಿಟ್ಟಿದ್ದ ಹೊಲಿಗೆಯನ್ನು ಯಾರೋ ಕೆಂಪು ಪೆನ್ನಿನಿಂದ ತುಂಬಿದ್ದರು.

"ಅದಾ? ನೋಡಿದಾಗೊಮ್ಮೆ ಕಣ್ಣಿಗೆ ಚುಚ್ಚತಿತ್ತು," ಎಂದಳು ಅಕ್ಕ, ನಗುತ್ತ. "ಚಾ ಆರತೈತಿ, ಕುಡಿ."

ನಾನು ಕಪ್ಪು ಕೆಳಗಿಟ್ಟು, ಶಾಂತವ್ವ ಕೊಟ್ಟ ಡಬ್ಬಿಯನ್ನು ಅವಳ ಮುಂದಿಟ್ಟೆ.

"ಯಕ್ಕಾ, ಮೂರು ಮೂಲಿ ನಿನ್ನವು. ಎಲ್ಲಾ ನಂದ ಅಂತ ಹೇಳಿದೆ. ಕುರ್ಚಿ ಖಾಲಿ ಇತ್ತು, ಇಲ್ಲ ಅಂದೆ. ನೀ ಬಂದ್ರ ನಾ ಸಣ್ಣಾವ ಆಗ್ತೀನಿ ಅಂತ ಹೆದರಿದ್ದೆ. ನಂದು ತಪ್ಪಾತಕ್ಕಾ. ಹೊಟ್ಟ್ಯಾಗ ಹಾಕ್ಕೋ."