ಹೂಮಳೆಯ ದಿನ ಬರೆದ ಸ್ತೋತ್ರ

ನಾನು ಬ್ಲಾಗಿನಲ್ಲಿ ದೇವರ ಬಗ್ಗೆ ಬರೆಯುವವಳು. ಹಾಗೆಂದು ಸನ್ಯಾಸಿನಿಯಲ್ಲ, ಉಪದೇಶಿಯೂ ಅಲ್ಲ. ಎಸ್ಟೇಟಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದೆ. ಗೋಣಿಬೀಡಿನಿಂದ ಸ್ವಲ್ಪ ಒಳಗೆ ನಮಗೊಂದು ಸಣ್ಣ ಅರೇಬಿಕಾ ಕಾಫಿ ತೋಟವಿದೆ. ಸೂಜಿ ಕಂಡರೆ ಕಣ್ಣೀರು ಹಾಕುವ ಗಂಡಸರನ್ನು ಗದರಿಸಿ ಗದರಿಸಿ ನನ್ನ ದನಿ ಹಾಗೆಯೇ ಉಳಿದುಬಿಟ್ಟಿದೆ. ಬ್ಲಾಗಿನಲ್ಲಿ ಮಾತ್ರ ನಾನು ಬಹಳ ಮೃದು. ಅದನ್ನು ಓದಿದ ನನ್ನ ಗಂಡ ಒಮ್ಮೆ, "ಈ ಹೆಂಗಸು ಯಾರು ಮಾರಾಯ್ತಿ? ಒಂದ್ಸಲ ನಮ್ಮನೆಗೂ ಕರ್ಕೊಂಡ್ ಬಾ" ಎಂದಿದ್ದರು.

ಬರೆಯಲು ಹಚ್ಚಿದವಳು ಪಕ್ಕದ ತೋಟದವಳು. ನಮ್ಮ ಬೇಲಿಯಾಚೆ, ಇಳಿಜಾರಿನ ಕೆಳಗೆ, ಅವರದು ರೊಬಸ್ಟಾ ಕಾಫಿಯ ತೋಟ. ನನಗಿಂತ ಹದಿನೈದು ವರ್ಷ ಚಿಕ್ಕವಳು. ನಾವಿಬ್ಬರೂ ಒಂದೇ ಇಗರ್ಜಿಯವರು. ನಮ್ಮ ಕಡೆಯ ಏಳೆಂಟು ಕ್ರೈಸ್ತ ಮನೆಯವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಜಪಸರ ಹೇಳುತ್ತೇವೆ. ಕೊನೆಯಲ್ಲಿ ಯಾರಾದರೂ ನಾಲ್ಕು ಮಾತಾಡಬೇಕು. ಎಲ್ಲರೂ ತಮ್ಮ ಕಾಲಿನ ಬೆರಳು ನೋಡುತ್ತಾ ಕೂತಾಗ ಬಾಯಿ ಬಿಡುತ್ತಿದ್ದವಳು ನಾನೇ. ಸಾರು ಸೀದುಹೋದದ್ದು, ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿದ್ದು, ಅದರ ನಡುವೆ ದೇವರು ಎಲ್ಲಿದ್ದ ಎನ್ನುವುದು. "ಇದನ್ನೆಲ್ಲ ಬರೀರಿ ಅಕ್ಕ. ಮಾತಾಡಿದ್ರೆ ಇಲ್ಲೇ ಗಾಳಿಗೆ ಹೋಗುತ್ತೆ" ಎಂದು ನನ್ನ ಫೋನಿನಲ್ಲಿ ಬ್ಲಾಗ್ ಮಾಡಿಕೊಟ್ಟಳು.

ಅಂದಿನಿಂದ ಪ್ರತಿ ಶನಿವಾರ ಒಂದು ಬರಹ. ಹಾಕುವ ಮುಂಚೆ ಫೋನ್ ಮಾಡಿ ಅವಳಿಗೆ ಓದಿ ಹೇಳುತ್ತಿದ್ದೆ. ಹೆಚ್ಚಾಗಿ "ಹ್ಞೂಂ, ಹಾಕಿ" ಎನ್ನುತ್ತಿದ್ದಳು. ಕೆಲವು ಸಲ "ಇದು ಸ್ವಲ್ಪ ಜಾಸ್ತಿ ಆಯ್ತು ಅಕ್ಕ" ಎನ್ನುವಳು. ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು, ಆದರೂ ಆ ಸಾಲು ತೆಗೆಯುತ್ತಿದ್ದೆ. ಊರೂರಿನಿಂದ 'ಆಮೆನ್' ಕಳಿಸುವವರು ಬಹಳ ಜನ ಇದ್ದರು. ನನ್ನ ಮಾತನ್ನು ತೂಗಿ ನೋಡುತ್ತಿದ್ದವಳು ಅವಳೊಬ್ಬಳೇ.

ಆ ಫೆಬ್ರವರಿಯಲ್ಲಿ ನಮ್ಮ ಕೊಯ್ಲು ಮುಗಿದು, ಕಾಫಿ ಒಣಗಿ, ಮೂಟೆ ಕಟ್ಟಿ ಆಗಿತ್ತು. ಗಿಡಗಳ ತುಂಬ ಮೊಗ್ಗು. ಇನ್ನು ಬೇಕಾದದ್ದು ಹೂಮಳೆ ಮಾತ್ರ. ಒಂದು ಹದವಾದ ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಹೂವಾಗುತ್ತದೆ. ಬೀಳದಿದ್ದರೆ ಮುಂದಿನ ವರ್ಷದ ಬೆಳೆಯ ಆಸೆ ಬಿಡಬೇಕು. ನಾನು ಮಳೆಗಾಗಿ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಹಿಡಿದೆ. ಆದರೆ ರೊಬಸ್ಟಾದ ಕೊಯ್ಲು ತಡ. ಅವರ ಹಣ್ಣು ಇನ್ನೂ ಸಿಮೆಂಟಿನ ಕಣದಲ್ಲಿ ಒಣಗುತ್ತಿರುತ್ತದೆ. ಮೇಲೆ ಮಳೆ ಬಿದ್ದರೆ ಬೂಸ್ಟು ಹಿಡಿದು ಕಪ್ಪಾಗುತ್ತದೆ. ಬೇಲಿಯ ಈಚೆ ವರವಾಗುವ ಮಳೆ ಆಚೆ ಕಂಟಕ. ಇದು ಇಲ್ಲಿಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಅದೇ ಸಮಯಕ್ಕೆ ಅವಳ ಗಂಡನಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಗಿ ಬಂತು. ಮಂಗಳೂರಿಗೆ ಹೊರಡುವ ಹಿಂದಿನ ಸಂಜೆ ಅವಳು ಬೇಲಿಯ ಹತ್ತಿರ ಬಂದಳು.

"ಅಕ್ಕ, ಕಣದಲ್ಲಿ ಕಾಫಿ ಹರಡಿದೆ. ದಿನಾ ಕೆಲಸದವ್ರು ನೋಡ್ಕೊಳ್ತಾರೆ. ಸಂತೆ ದಿನ ಮಧ್ಯಾಹ್ನ ಮಾತ್ರ ನಮ್ಮವ್ರು ಯಾರೂ ಇರಲ್ಲ. ಮೋಡ ಕಂಡ್ರೆ ನಿಮ್ಮವ್ರನ್ನ ಕಳಿಸಿ, ಗುಡ್ಡೆ ಮಾಡ್ಸಿ ಟಾರ್ಪಾಲ್ ಎಳೆಸಿಬಿಡಿ."

"ನೀ ಹೋಗು ಮಾರಾಯ್ತಿ, ನಾನಿಲ್ವಾ?" ಎಂದೆ. ಅಷ್ಟು ಧೈರ್ಯದಿಂದ ಹೇಳಿದೆ.

ಮಳೆ ಬಂದದ್ದು ಸಂತೆಯ ದಿನವೇ, ನನ್ನ ನೊವೆನಾದ ಒಂಬತ್ತನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ. ಮೊದಲು ಮಣ್ಣಿನ ವಾಸನೆ, ಆಮೇಲೆ ಹಂಚಿನ ಮೇಲೆ ಒಂದೊಂದೇ ದಪ್ಪ ಹನಿ, ಆಮೇಲೆ ಒಮ್ಮೆಲೇ ಸುರಿಯಿತು. ನಾನು ನಮ್ಮ ಖಾಲಿ ಕಣದ ನಡುವೆ ಹೋಗಿ ನಿಂತೆ. ಈ ವಯಸ್ಸಿನಲ್ಲಿ, ಸೀರೆಯೆಲ್ಲ ತೊಪ್ಪೆಯಾಗಿ, ಮುಖ ಮೇಲೆತ್ತಿ ಅತ್ತೆ. ಒಳಗೆ ಬಂದು ತಲೆಯನ್ನೂ ಒರೆಸಿಕೊಳ್ಳದೆ ಬರೆಯತೊಡಗಿದೆ. ಬೇಡಿದವರ ಕೈಯನ್ನು ಆತ ಬರಿದಾಗಿ ಕಳಿಸುವುದಿಲ್ಲ, ಒಂಬತ್ತನೆಯ ದಿನಕ್ಕೆ ಸರಿಯಾಗಿ ಬಾಗಿಲು ತೆರೆದ ಎಂದೆಲ್ಲ ಬರೆದೆ. ಶನಿವಾರದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅವಳಿಗೆ ಓದಿ ಹೇಳಬೇಕೆಂದು ತೋಚಲೂ ಇಲ್ಲ. ನೆನೆದ ಅಂಗಳದ ಫೋಟೋ ಸೇರಿಸಿ ಹಾಕಿಯೇಬಿಟ್ಟೆ.

ಆಮೆನ್‌ಗಳು ಬಂದವು. ಒಂದರ ಹಿಂದೆ ಒಂದು, ಕೈಮುಗಿದ ಚಿತ್ರಗಳು. ಬಿಸಿ ಕಾಫಿ ಕುಡಿಯುತ್ತ ಅವನ್ನೆಲ್ಲ ಹೆಮ್ಮೆಯಿಂದ ನೋಡುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಅವುಗಳ ನಡುವೆ ಅವಳ ಹೆಸರು ಕಂಡಿತು. "ಆಮೆನ್ ಅಕ್ಕ. ತುಂಬಾ ಚೆನ್ನಾಗಿದೆ. ನಮ್ಮ ಕಣ ಮುಚ್ಚಿಸಿದ್ರಲ್ಲ?"

ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ಆಗತಾನೆ ಮೂಡಿಗೆರೆಯಿಂದ ಬಂದಿದ್ದ ಗಂಡನನ್ನು ಎಳೆದುಕೊಂಡು ಇಳಿಜಾರಿನಲ್ಲಿ ಓಡಿದೆ. ಮಳೆ ನಿಂತಿತ್ತು. ಕಣದ ಮೂಲೆಯಲ್ಲಿ ಟಾರ್ಪಾಲು ಮಡಿಸಿಟ್ಟ ಹಾಗೆಯೇ ಇತ್ತು. ಕಾಫಿಯ ನಡುವೆ ಕೆಂಪು ನೀರು ನಿಂತಿತ್ತು, ಸ್ವಲ್ಪ ಕಾಫಿ ಚರಂಡಿಗೂ ಕೊಚ್ಚಿಹೋಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಇಬ್ಬರೂ ನೀರು ಗುಡಿಸಿ ಹೊರಗೆ ಹಾಕಿದೆವು.

ಮನೆಗೆ ಬಂದು ಫೋನ್ ಹಿಡಿದೆ. ಮರುದಿನ ಬೆಳಿಗ್ಗೆ ಅವಳ ಗಂಡನಿಗೆ ಆಪರೇಷನ್. ಇಂಥ ಹೊತ್ತಿನಲ್ಲಿ ಅವಳನ್ನು ಕಂಗೆಡಿಸುವುದೇ? 'ಮುಚ್ಚಿಸಿದ್ದೇನೆ, ಚಿಂತೆ ಬೇಡ' ಎಂದು ಟೈಪ್ ಮಾಡಿದೆ. ಇದು ಸುಳ್ಳಲ್ಲ, ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಸತ್ಯದ ಬಗ್ಗೆ ಮೂರು ವಾರದ ಹಿಂದಷ್ಟೇ ಉದ್ದಕ್ಕೆ ಬರೆದಿದ್ದೆ. ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದರು. ಆಮೇಲೆ ಮೆತ್ತಗೆ, "ಅವ್ಳು ಎಲ್ರ ಮುಂದೆ ಕೇಳಿದ್ದಾಳೆ. ನೀನೂ ಅಲ್ಲೇ ಹೇಳು" ಎಂದರು.

ಬರೆದದ್ದನ್ನು ಅಳಿಸಿದೆ. ಅಷ್ಟೂ ಆಮೆನ್‌ಗಳ ಕೆಳಗೆ ಬರೆದೆ: "ಇಲ್ಲ. ನಾನು ಮರೆತೆ. ಎಲ್ಲ ನೆನೆದಿದೆ. ನನ್ನನ್ನು ಕ್ಷಮಿಸು."

ಅವಳಿಂದ ಉತ್ತರ ಬರಲಿಲ್ಲ. ಬೇರೆಯವರಿಂದ ಬಂತು. "ಬೇಸರ ಬೇಡ ಸಹೋದರಿ, ಎಲ್ಲವೂ ದೇವರ ಚಿತ್ತ." ಒಬ್ಬರಲ್ಲ, ಐದಾರು ಜನ. ನನಗೆ ಮೈಯೆಲ್ಲ ಉರಿಯಿತು. ದೇವರ ಚಿತ್ತವಂತೆ! ಟಾರ್ಪಾಲು ಅಲ್ಲೇ ಇತ್ತು, ನಮ್ಮ ಆಳುಗಳು ಲೈನ್ ಮನೆಗಳಲ್ಲೇ ಇದ್ದರು, ನಾನು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಪಾಪ, ದೇವರ ತಲೆಗೆ ಎಷ್ಟೆಂದು ಕಟ್ಟುವುದು? "ದೇವರ ಚಿತ್ತವಲ್ಲ, ನನ್ನ ಮರೆವು" ಎಂದು ಒಬ್ಬೊಬ್ಬರಿಗೂ ಉತ್ತರ ಬರೆದೆ. ಆ ಮೃದು ಹೆಂಗಸು ಅಂದು ಬ್ಲಾಗಿನಿಂದ ಓಡಿಹೋದಳು.

ಮರುದಿನ ಅವಳ ಕೆಲಸದವರು, ನಮ್ಮವರು, ನಾವಿಬ್ಬರು ಸೇರಿ ಅರ್ಧ ಕಾಫಿಯನ್ನು ನಮ್ಮ ಕಣಕ್ಕೆ ಹೊತ್ತೆವು. ಎರಡೂ ಕಡೆ ತೆಳ್ಳಗೆ ಹರಡಿ, ಅರ್ಧ ಗಂಟೆಗೊಮ್ಮೆ ತಿರುವಿ ಹಾಕಿದೆವು. ಹುಳಿ ವಾಸನೆ ಎರಡು ದಿನ ಹೋಗಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಬೂಸ್ಟು ಹಿಡಿದದ್ದನ್ನು ಆರಿಸಿದೆ. ಮಂಡಿ ನೋಯುತ್ತಿತ್ತು. ನೋಯಲಿ ಎಂದುಕೊಂಡೆ.

ಆರನೆಯ ದಿನ ಅವರ ಕಾರು ಬಂತು. ಗಂಡನನ್ನು ಒಳಗೆ ಮಲಗಿಸಿ ಅವಳು ನೇರ ಕಣಕ್ಕೆ ಬಂದಳು. ಒಂದು ಹಿಡಿ ಕಾಫಿ ತೆಗೆದು ಕಿವಿಯ ಹತ್ತಿರ ಕುಲುಕಿದಳು, ಮೂಸಿದಳು, ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ನೋಡಿದಳು.

"ಮೂರ್ರಲ್ಲಿ ಒಂದು ಪಾಲು ಹೋಯ್ತು" ಎಂದಳು.

"ತಪ್ಪಾಯ್ತು. ನಾನು ಪ್ರಾರ್ಥನೆ ಮಾಡಿದ ಮಳೆ ಅಂತ..." ಎಂದು ಶುರುಮಾಡಿದೆ.

"ಅದೇ ಒಂಬತ್ತು ದಿನ ನಾನೂ ಪ್ರಾರ್ಥನೆ ಮಾಡಿದೆ ಅಕ್ಕ, ಮಳೆ ಬರೋದು ಬೇಡ ಅಂತ. ದೇವ್ರೇನು ನಿಮ್ಮನೆ ಮೇಸ್ತ್ರಿನಾ, ನೀವು ಹೇಳಿದ ಕೆಲಸ ಮಾಡೋಕೆ?" ಅವಳ ದನಿ ಏರಿತು. "ಮಳೆ ಬಂದಿದ್ದಕ್ಕೆ ನಂಗೆ ಸಿಟ್ಟಿಲ್ಲ. ಅದು ಬರೋದು ಬರುತ್ತೆ. ನನ್ನ ಪ್ರಾರ್ಥನೆಗೆ ಅಂತ ದೇವ್ರು ಎರಡು ಕೈ ಇಟ್ಟಿದ್ದ ಇಲ್ಲಿ. ಆ ಕೈ ಫೋನ್ ಹಿಡ್ಕೊಂಡಿತ್ತು."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ವಾರದ ಜಪಸರಕ್ಕೆ ಅವಳು ಬರಲಿಲ್ಲ. ಇಗರ್ಜಿಯಲ್ಲಿ ಬೇರೆ ಬೆಂಚಿನಲ್ಲಿ ಕೂತಳು. ಶನಿವಾರ ಬಂತು, ಏನೂ ಬರೆಯಲಿಲ್ಲ. ಇನ್ನೊಂದು ಶನಿವಾರವೂ ಹೋಯಿತು. ಆರೋಗ್ಯವಾಗಿದ್ದೀರಾ ಎಂದು ದೂರದವರು ವಿಚಾರಿಸಿದರು. ನಮ್ಮ ತೋಟದಲ್ಲಿ ಹೂ ಬಿರಿದು ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಆ ವರ್ಷ ನಾನದನ್ನು ನೋಡಲು ಹೋಗಲೇ ಇಲ್ಲ. ಬೆಳೆ ಉಳಿಯಿತು, ಅವಳು ಹೋದಳು ಎಂಬ ಭಯ ರಾತ್ರಿ ಹಗಲು ಕಾಡುತ್ತಿತ್ತು.

ಮರುವಾರ ಬೆಳಿಗ್ಗೆ ಏಳಕ್ಕೆ ಯಾರೋ ಗೇಟು ತೆಗೆದರು. ಅವಳೇ. ಪೇಟೆಗೆ ಹೋಗುವ ಸೀರೆ, ಕಂಕುಳಲ್ಲಿ ಆಸ್ಪತ್ರೆಯ ಕಾಗದದ ಕವರು. ಮೆಟ್ಟಿಲು ಹತ್ತಲಿಲ್ಲ, ಕೂರಲಿಲ್ಲ.

"ಇವ್ರನ್ನ ಡಾಕ್ಟ್ರಿಗೆ ತೋರ್ಸೋಕೆ ಹೋಗ್ತಿದ್ದೀವಿ. ಬರೋದು ಸಂಜೆ ಆಗುತ್ತೆ" ಎಂದು ಕೈ ಚಾಚಿದಳು. ಅಂಗೈಯಲ್ಲಿ ಅವರ ಗೋದಾಮಿನ ಬೀಗದ ಕೈ ಇತ್ತು. "ಕಣದಲ್ಲಿ ಇನ್ನೂ ಕಾಫಿ ಇದೆ. ಮೋಡಾನೂ ಇದೆ."

ನಾನು ಅವಳ ಮುಖವನ್ನೇ ನೋಡಿದೆ. "ನಂಗೇ ಕೊಡ್ತೀಯಾ?" ಎಂದೆ.

"ಮತ್ತೆ ಇನ್ಯಾರಿಗೆ ಕೊಡ್ಲಿ?" ಎಂದಳು. "ತಗೊಳ್ಳಿ ಅಕ್ಕ, ಇವ್ರು ಕಾರಲ್ಲಿ ಕಾಯ್ತಿದ್ದಾರೆ."

ಕ್ಷಮಿಸುವುದು ಹೇಗೆಂದು ನಾನು ಬ್ಲಾಗಿನಲ್ಲಿ ಎಷ್ಟೋ ಸಲ ಬರೆದಿದ್ದೆ. ಕ್ಷಮೆ ಸಿಕ್ಕವರು ಏನು ಮಾಡಬೇಕೆಂದು ಒಂದು ಸಾಲೂ ಬರೆದಿರಲಿಲ್ಲ. ಫೋನನ್ನು ಮನೆಯಲ್ಲೇ ಬಿಟ್ಟು ಅವಳ ಕಣದ ಅಂಚಿಗೆ ಹೋಗಿ ಕುರ್ಚಿ ಹಾಕಿಕೊಂಡೆ. ಮಳೆ ಬರಲಿ ಎಂದು ಬೇಡಲಿಲ್ಲ, ಬರದಿರಲಿ ಎಂದೂ ಬೇಡಲಿಲ್ಲ. ಟಾರ್ಪಾಲಿನ ಹಗ್ಗವನ್ನು ಕೈಗೆ ಸುತ್ತಿಕೊಂಡು, ಅವರು ಬರುವವರೆಗೂ ಅಲ್ಲಿಂದ ಏಳಲಿಲ್ಲ.