ಮುಟ್ಟು ನಿಂತ ವರ್ಷ

ಹುಳುಮನೆಯ ತುಂಬ ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಕೊನೆಯ ಅಂಕಣದ ತಟ್ಟೆಯಲ್ಲಿ ಮಾತ್ರ ಸದ್ದಿರಲಿಲ್ಲ. ಶ್ವೇತ ಬಗ್ಗಿ ನೋಡಿದಳು. ಹುಳುಗಳು ಊದಿಕೊಂಡು, ಹಾಲಿನಂಥ ರಸ ಸುರಿಸುತ್ತ ಸಾಯುತ್ತಿದ್ದವು. ಸೆಕೆಗೆ ಊರೇ ಬೆವರುತ್ತಿದ್ದರೂ ಅವಳಿಗೆ ಚಳಿ. ಸೀರೆಯ ಮೇಲೆ ಗಂಡನ ಸ್ವೆಟರು.

ಹಿಂದಿನ ವರ್ಷ ರಾಮನಗರದಿಂದ ತಮ್ಮೂರು ಕೂಟಗಲ್ಲಿಗೆ ಬರುವಾಗ ಸೆರಗು ಬೈಕಿನ ಚಕ್ರಕ್ಕೆ ಸಿಕ್ಕಿ ಅವಳ ತಲೆ ರಸ್ತೆಗೆ ಬಡಿದಿತ್ತು. ಗಾಯ ಮಾಗಿತು, ಬೋಳಿಸಿದಲ್ಲಿ ಕೂದಲೂ ಬಂತು. ಮುಟ್ಟು ಮಾತ್ರ ಮತ್ತೆ ಬರಲಿಲ್ಲ.

ಆ ಮನೆಯಲ್ಲಿ ಮುಟ್ಟಾದವರು ಹುಳುಮನೆಗೆ ಕಾಲಿಡುವಂತಿಲ್ಲ; ಇಟ್ಟರೆ ಹುಳು ಸಾಯುತ್ತವೆಂಬ ನಂಬಿಕೆ. ಸೊಸೆ ತಿಂಗಳುಗಟ್ಟಲೆ ಒಳಗೇ ದುಡಿಯುವುದನ್ನು ಕಂಡ ಅತ್ತೆ ಸಿದ್ದಮ್ಮ ಬಸಿರೆಂದೇ ತಿಳಿದು ಹಸಿರು ಬಳೆ ತೊಡಿಸಿದಳು, ಬೀದಿಗೆಲ್ಲ ಹೇಳಿಕೊಂಡು ಬಂದಳು. ಶ್ವೇತಳೂ ನಂಬಿದ್ದಳು. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಅಂದಿನಿಂದ ಸಿದ್ದಮ್ಮ ಸೊಸೆಯ ಮುಖ ನೋಡಿ ಮಾತಾಡಲಿಲ್ಲ.

ಬೆಂಗಳೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದ್ದರು. ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ. ಬಿದ್ದ ಪೆಟ್ಟಿಗೆ ಅದು ಸೊರಗಿದೆ. ಸುಸ್ತು, ಚಳಿ, ನಿಂತ ಮುಟ್ಟು ಎಲ್ಲ ಅದರಿಂದಲೇ. ಬದುಕಿರುವ ತನಕ ಮಾತ್ರೆ ತಪ್ಪಿಸಬಾರದು. ಪಕ್ಕದಲ್ಲಿ ಕೂತ ಗಂಡ ಕೆಂಪರಾಜು ಎಲ್ಲಕ್ಕೂ ತಲೆಯಾಡಿಸಿದ್ದ. ಮನೆಗೆ ಬಂದು ತಾಯಿಗೆ, ತಲೆ ಏಟು ಇನ್ನೂ ಒಸಿ ಐತಂತೆ ಎಂದಷ್ಟೇ ಹೇಳಿದ್ದ. ಮಾತ್ರೆಯಿಂದ ಅವಳಿಗೆ ಎದ್ದು ಓಡಾಡುವಷ್ಟು ಶಕ್ತಿ ಬಂದಿತ್ತು, ಅಷ್ಟೇ.

ಸತ್ತ ಹುಳು ಕಂಡ ಸಿದ್ದಮ್ಮ ಬಾಗಿಲಲ್ಲೇ ನಿಂತಳು.

"ಹೊರಗಾಗಿದ್ದುನ್ನ ಮುಚ್ಚಿಟ್ಕಂಡು ಒಳಕ್ ಬಂದ್ಬುಟ್ಟಿದ್ದೀಯ. ಬಸ್ರಿ ಅಂತ ಆಟ ಕಟ್ದೋಳಿಗೆ ಇದೇನ್ ಹೆಚ್ಚಾ?"

"ನಾನು ಹೊರಗಾಗಿ ವರ್ಸ ಆಯ್ತು ಕಣತ್ತೆ. ಡಾಕ್ಟ್ರು ಏನಂದ್ರು ಅಂತ ನಿಮ್ ಮಗನ್ನೇ ಕೇಳಿ."

ಕೆಂಪರಾಜು ಸತ್ತ ಹುಳುಗಳನ್ನು ಆರಿಸಿ ಸುಣ್ಣದ ನೀರಿನ ಬಕೆಟ್ಟಿಗೆ ಹಾಕುತ್ತಿದ್ದ. ಅವನೊಬ್ಬನ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಅವನು ತಲೆ ಎತ್ತಲಿಲ್ಲ.

"ನಂಗೇನ್ ಗೊತ್ತವ್ವ, ಹೆಂಗಸ್ರ ವಿಸ್ಯ."

ಶ್ವೇತ ಅವನನ್ನೇ ನೋಡಿದಳು. ಅವನ ಬೆರಳು ಒಂದೇ ಹುಳುವನ್ನು ಹಿಡಿದುಕೊಂಡು ನಿಂತಿತ್ತು.

ಸಿದ್ದಮ್ಮ ಮನೆಯಿಂದ ಕರ್ಪೂರ ತಂದು ಹುಳುಮನೆಯ ಬಾಗಿಲಲ್ಲಿ ನೆಲದ ಮೇಲಿಟ್ಟು ಕಡ್ಡಿ ಗೀರಿದಳು. "ಬಾ, ಇದ್ನ ಕೈಲಿ ಆರ್ಸಿ, ಹೊರಗಾಗಿಲ್ಲ ಅಂತ ಆಣೆ ಮಾಡು. ಸುಳ್ಳಾದ್ರೆ ನಿನ್ ತವರೋರು..." ಎಂದು ಅವಳು ಹೇಳುತ್ತಿರುವಾಗಲೇ ಶ್ವೇತ ಉರಿಯುವ ಕರ್ಪೂರವನ್ನು ದಾಟಿ, ಅಂಗಳಕ್ಕಿಳಿದು, ಬಸ್ಸಿನ ರಸ್ತೆಯ ಕಡೆಗೆ ನಡೆದುಬಿಟ್ಟಳು.