ಉಕ್ಕಿನ ಬೆರಳು, ಹುಣಸೆ ಬೀಜ

ನನಗೆ ಸಂಬಳ ಸಿಗುವುದು ಒಂದು ಬೆರಳಿನ ದೆಸೆಯಿಂದ ಎಂದರೆ ನೀವು ನಗುತ್ತೀರಿ. ನಿಜ ಸ್ವಾಮಿ. ಪಲ್ಲಾವರಂನ ನಮ್ಮ ಪರೀಕ್ಷಾಲಯದಲ್ಲಿ ಮನುಷ್ಯರ ಬೆರಳಿನ ಅಳತೆಯದೇ ಒಂದು ಉಕ್ಕಿನ ಬೆರಳಿದೆ; ನಮ್ಮದರಂತೆಯೇ ಗೆಣ್ಣಿನಲ್ಲಿ ಮಡಚುತ್ತದೆ. ಯುರೋಪಿಗೆ ಹೊರಟ ಮಿಕ್ಸಿ, ಹೀಟರ್, ಗ್ರೈಂಡರುಗಳ ಸಂದುಗೊಂದಿಗೆಲ್ಲ ಅದನ್ನು ತೂರಿಸಿ, ಕರೆಂಟು ಹರಿಯುವ ಭಾಗಕ್ಕೋ ತಿರುಗುವ ಭಾಗಕ್ಕೋ ತಾಗುತ್ತದೆಯೇ ಎಂದು ನೋಡುವುದು ನನ್ನ ಉದ್ಯೋಗ. ತಾಗಿದರೆ ಆ ಯಂತ್ರ ಹಡಗು ಹತ್ತುವಂತಿಲ್ಲ.

ಯುರೋಪಿನ ಕಾನೂನಿಗೆ ಮನುಷ್ಯನ ಬುದ್ಧಿಯ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಯಂತ್ರವನ್ನು ಹೇಗೆ ಬಳಸಬೇಕೆಂದು ಹೇಳಿದರೆ ಸಾಲದು, ಜನ ಹೇಗೆಲ್ಲ ತಪ್ಪಾಗಿ ಬಳಸಿಯಾರು ಎಂಬುದನ್ನೂ ತಯಾರಕನೇ ಮೊದಲು ಊಹಿಸಬೇಕು. ಇದನ್ನು ಓದಿದಾಗೆಲ್ಲ ನನಗೆ ಅಮ್ಮನ ನೆನಪಾಗುತ್ತದೆ.

ಅಮ್ಮ ಕುಂದಾಪುರದ ಕಡೆಯವಳು. ತಾಂಬರಂನಲ್ಲಿ ಅಪ್ಪ ಹೋಟೆಲು ನಡೆಸುತ್ತಿದ್ದಾಗ ಇಡ್ಲಿ ಹಿಟ್ಟಿನ ಉಸ್ತುವಾರಿ ಅವಳದೇ. ಮೊನ್ನೆಮೊನ್ನೆಯವರೆಗೂ ತಿರುಗುವ ಗ್ರೈಂಡರಿಗೇ ಕೈ ಹಾಕಿ ಉದ್ದಿನ ಹಿಟ್ಟಿನ ಹದ ನೋಡುತ್ತಿದ್ದಳು. ವಯಸ್ಸಾಗಿ ಕೈ ನಡುಗುತ್ತದೆ, ಗಾಜಿನ ಬಳೆ ಬೇರೆ. ಬೇಡವೆಂದು ಹೇಳಿದರೆ, "ಕಣ್ಣಂಗೆ ಹದ ಗೊತ್ತಾತ್ತಾ ಮಗಾ? ಕೈಯಂಗೇ ಕಾಣ್ಕ್" ಎನ್ನುತ್ತಿದ್ದಳು. ಕಣ್ಣಿಗೆ ಹದ ತಿಳಿಯದು, ಕೈಯಲ್ಲೇ ನೋಡಬೇಕಂತೆ.

ಕಡೆಗೆ ಯುರೋಪಿಗೆ ಹೋಗುವ ಮಾದರಿಯ ಗ್ರೈಂಡರನ್ನೇ ಕೊಂಡು ತಂದೆ. ಅದರ ಅಂಚಿನಲ್ಲೊಂದು ಪುಟ್ಟ ಗುಂಡಿ. ಮುಚ್ಚಳ ಅದನ್ನು ಒತ್ತಿಕೊಂಡಿದ್ದರೆ ಮಾತ್ರ ಕಲ್ಲು ತಿರುಗುತ್ತದೆ, ತೆಗೆದರೆ ನಿಲ್ಲುತ್ತದೆ. ಗೆದ್ದೆ ಎಂದುಕೊಂಡೆ. ಮರುದಿನ ನೋಡಿದರೆ ಅಮ್ಮ ಗುಂಡಿಯ ಸಂದಿಗೆ ಹುಣಸೆ ಬೀಜ ಸಿಕ್ಕಿಸಿ, ಮುಚ್ಚಳ ಬದಿಗಿಟ್ಟು, ಆರಾಮವಾಗಿ ಕೈಯಾಡಿಸುತ್ತಿದ್ದಾಳೆ! ಯುರೋಪಿನ ಪಂಡಿತರು ಏನೆಲ್ಲ ಊಹಿಸಿದ್ದಾರೋ, ಹುಣಸೆ ಬೀಜವನ್ನಂತೂ ಊಹಿಸಿರಲಿಕ್ಕಿಲ್ಲ. ಒಂದನ್ನು ಕಿತ್ತರೆ ಇನ್ನೊಂದು ಬರುತ್ತಿತ್ತು. ಸಾರು ಮಾಡುವ ಮನೆಯಲ್ಲಿ ಹುಣಸೆ ಬೀಜಕ್ಕೆ ಬರವೇ?

ಉಪದೇಶ ಬಿಟ್ಟೆ. ಮೊನ್ನೆ ಭಾನುವಾರ ಗ್ರೈಂಡರ್ ತಿರುಗುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತು, ಇವತ್ತು ಹದ ನಾನೇ ನೋಡುತ್ತೇನೆ ಎಂದು ಅಂಗಿಯ ತೋಳು ಮಡಚಿ ಕೈ ಚಾಚಿದೆ.

ಬೆರಳು ಹಿಟ್ಟಿಗೆ ತಾಗುವ ಮೊದಲೇ ಅಮ್ಮ ಸ್ವಿಚ್ ಆರಿಸಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಕೈ ತೆಗಿ ಮಗಾ. ಬೆರಳ್ ಸಿಕ್ಕಿ ಹಾಕಂಡ್ರೆ ಎಂತ ಮಾಡುದ್?"

ಅವಳು ನನ್ನ ಬೆರಳುಗಳನ್ನೊಮ್ಮೆ ಸವರಿ, ಗೊಣಗುತ್ತಲೇ ಹುಣಸೆ ಬೀಜವನ್ನು ಕಿತ್ತು ಕಸದ ಬುಟ್ಟಿಗೆ ಎಸೆದಳು.

ಅಷ್ಟು ದಪ್ಪದ ಕಾನೂನಿನ ಸಾರವೂ ಇಷ್ಟೇ ಇರಬೇಕು: ಕಂಡು ಕೇಳರಿಯದ ಯಾರದೋ ಕೈಯನ್ನು ಮನೆಮಗನ ಕೈ ಎಂದುಕೊಳ್ಳುವುದು. ತನ್ನ ಕೈಗೆ ಎಂದೂ ಏನೂ ಆಗದು ಎಂಬ ನಂಬಿಕೆ ಅಮ್ಮನಿಗೆ ಈಗಲೂ ಇದೆ. ಆದರೂ ಅಂದಿನಿಂದ ಮುಚ್ಚಳ ಹಾಕುತ್ತಾಳಲ್ಲ, ಅದು ನನ್ನ ಕೈಗಾಗಿ.